ದುಡ್ಡು ಕೊಟ್ಟು ಪೆಟ್ಟು ತಿಂದವರು

ನಾವಿರುವ ಅಮೆರಿಕದಲ್ಲಿ ಫುಟ್ಬಾಲ್ ಎಂದರೆ ಊರಿನ ಶಾಲೆಯ ಮೈದಾನದಲ್ಲಿ ಮಕ್ಕಳು ಒದೆಯುವ ಚೆಂಡಿನ ಆಟವಲ್ಲ. ಅದಕ್ಕೆ ಇಲ್ಲಿ ಸಾಕರ್ ಎಂದು ಹೆಸರು. ಇಲ್ಲಿನ ಫುಟ್ಬಾಲ್ ಬೇರೆಯೇ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪನೆಯ ಕವಚ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಹಾಗೆ ಓಡುವವನನ್ನು ಇನ್ನೊಬ್ಬ ಮೈಮೇಲೆ ಬಿದ್ದು ಕೆಡವುತ್ತಾನೆ. ಈ ಆಟದ ಮೇಲೆ ಇಲ್ಲಿನ ಜನರಿಗಿರುವ ಹುಚ್ಚು ಎಷ್ಟೆಂದರೆ ಮಿಶಿಗನ್, ಒಹಾಯೊ ಸ್ಟೇಟ್‌ನಂತಹ ವಿಶ್ವವಿದ್ಯಾಲಯಗಳ ಕ್ರೀಡಾಂಗಣಗಳಲ್ಲಿ ಶನಿವಾರದ ಪಂದ್ಯಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಆಡುವವರೋ ಕಾಲೇಜು ವಿದ್ಯಾರ್ಥಿಗಳು. ಒಂದು ಹೊತ್ತಿಗೆ ಮೈದಾನದಲ್ಲಿರುವುದು ಒಂದು ತಂಡದ 11 ಮಂದಿ ಮಾತ್ರ. ಆದರೆ ತಂಡದ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿರುತ್ತವೆ. ಊರಿನಲ್ಲಿ ಇದನ್ನು ಹೇಳಿದರೆ, ಉಳಿದವರಿಗೆ ಏನು ಕೆಲಸ ಎಂದು ಕೇಳುತ್ತಾರೆ. ನಾವು ಬರೆಯಲು ಹೊರಟಿರುವುದು ಆ ಉಳಿದವರ ಬಗ್ಗೆಯೇ.

ತಂಡದಲ್ಲಿ ಎರಡು ಬಗೆಯ ಹುಡುಗರಿರುತ್ತಾರೆ. ಮೊದಲನೆಯವರು ವಿಶ್ವವಿದ್ಯಾಲಯದವರೇ ಹುಡುಕಿಕೊಂಡು ಬಂದು, ತಂದೆತಾಯಿಯ ಎದುರು ಕುಳಿತು ಮಾತಾಡಿ ಕರೆದೊಯ್ದವರು. ಅವರಿಗೆ ಕ್ರೀಡಾ ವಿದ್ಯಾರ್ಥಿವೇತನವಿದೆ. ಕಾಲೇಜಿನ ಶುಲ್ಕ, ಕೋಣೆ, ಊಟ, ಪುಸ್ತಕ ಎಲ್ಲವೂ ಅದರಲ್ಲೇ ಕಳೆಯುತ್ತದೆ. ಎರಡನೆಯವರು ಬಿಡಿಗಾಸೂ ಸಿಗದಿದ್ದರೂ ತಾವಾಗಿ ನಡೆದು ಬಂದು ಸೇರಿಕೊಂಡವರು. ಆದ್ದರಿಂದಲೇ ಅವರನ್ನು ವಾಕ್-ಆನ್ ಎಂದು ಕರೆಯುತ್ತಾರೆ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ, ದೊಡ್ಡ ತಂಡಗಳು ಕೊಡಬಹುದಾದ ವಿದ್ಯಾರ್ಥಿವೇತನಗಳ ಮೇಲೆ 1973ರಲ್ಲಿ 105ರ ಮಿತಿ ಹಾಕಿತು. ಮುಂದೆ ಅದು 95 ಆಯಿತು, 1994ರ ಹೊತ್ತಿಗೆ 85ಕ್ಕೆ ಇಳಿಯಿತು. ಮೂರು ದಶಕಗಳ ಕಾಲ ಈ 85ರ ಲೆಕ್ಕವೇ ನಡೆಯಿತು. 86ನೆಯವನಿಂದ ಮೇಲಿನವರೆಲ್ಲ ತಮ್ಮ ಖರ್ಚು ತಾವೇ ನೋಡಿಕೊಳ್ಳುವವರು.

ನಮ್ಮ ಮಗ ಮೂರು ವರ್ಷ ಅಂತಹ ಒಬ್ಬ ವಾಕ್-ಆನ್ ಆಗಿದ್ದ.

ನಾವು ದಕ್ಷಿಣ ಕನ್ನಡದಿಂದ ಬಂದವರು. ಇಪ್ಪತ್ತು ವರ್ಷಗಳಿಗೂ ಹಿಂದೆ ಅಮೆರಿಕದ ನಡುಭಾಗದ ಒಂದು ರಾಜ್ಯದಲ್ಲಿ ನೆಲೆಯೂರಿದೆವು. ನಮ್ಮಲ್ಲೊಬ್ಬರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿಯುತ್ತೇವೆ, ಇನ್ನೊಬ್ಬರು ಒಂದು ಗೋದಾಮಿನ ಲೆಕ್ಕಪತ್ರ ನೋಡುತ್ತೇವೆ. ಮಗ ಇಲ್ಲಿಯೇ ಹುಟ್ಟಿದವನು. ಹೈಸ್ಕೂಲಿನಲ್ಲಿ ಅವನು ಆಡುತ್ತಿದ್ದದ್ದು ಎದುರಾಳಿ ಎಸೆದ ಚೆಂಡು ಅವರವರ ಕೈಗೆ ಸಿಗದಂತೆ ಬೆನ್ನಟ್ಟಿ ತಡೆಯುವ ಜಾಗದಲ್ಲಿ. ಎತ್ತರ ಸಾಧಾರಣ, ಓಟ ಚುರುಕು. ನಮ್ಮ ಪಟ್ಟಣದ ಮಟ್ಟಿಗೆ ಒಳ್ಳೆಯ ಆಟಗಾರ. ಆದರೆ ಈ ದೇಶದಲ್ಲಿ ಅಂತಹ ಪಟ್ಟಣಗಳು ಸಾವಿರಾರು ಇವೆ.

2022ರಲ್ಲಿ ಅವನ ಮುಂದೆ ಎರಡು ದಾರಿಗಳಿದ್ದವು. ಒಂದು ಸಣ್ಣ ಕಾಲೇಜು ಅವನ ಅಂಕಗಳನ್ನು ನೋಡಿ ಶುಲ್ಕದ ಬಹುಪಾಲನ್ನು ಬಿಟ್ಟುಕೊಡಲು ಸಿದ್ಧವಿತ್ತು. ಅಲ್ಲಿಯೂ ಫುಟ್ಬಾಲ್ ಇತ್ತು. ಮೊದಲ ವರ್ಷದಿಂದಲೇ ಆಡಬಹುದಿತ್ತು. ಇನ್ನೊಂದು ನಮ್ಮ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ. ಅಲ್ಲಿನ ಸಹಾಯಕ ಕೋಚ್ ಫೋನ್ ಮಾಡಿ, “ತಂಡದಲ್ಲಿ ಜಾಗವಿದೆ, ಹಣವಿಲ್ಲ” ಎಂದರು. ಯಾರೂ ಕರೆಯದೆ ಆಯ್ಕೆ ಪರೀಕ್ಷೆಗೆ ಹೋಗಿ ನಿಲ್ಲುವವರಿಗಿಂತ ಇದು ಒಂದು ಮೆಟ್ಟಿಲು ಮೇಲೆ. ಇಂತಹವರನ್ನು ಪ್ರಿಫರ್ಡ್ ವಾಕ್-ಆನ್ ಎನ್ನುತ್ತಾರೆ. ಹೆಸರಿನಲ್ಲಿ ಗೌರವವಿದೆ, ಶುಲ್ಕದ ರಸೀದಿಯಲ್ಲಿ ಏನೂ ವ್ಯತ್ಯಾಸವಿಲ್ಲ.

ಊಟದ ಮೇಜಿನ ಮೇಲೆ ಕಾಗದ ಹರಡಿ ಲೆಕ್ಕ ಹಾಕಿದೆವು. ನಾಲ್ಕು ವರ್ಷದ ಓದಿಗೆ ನಮ್ಮ ಉಳಿತಾಯ ಎಷ್ಟು, ಅವನು ಮಾಡಬೇಕಾದ ಸಾಲ ಎಷ್ಟು. ಬೇರೆ ಹುಡುಗರಂತೆ ಸಂಜೆ ಕೆಲಸಕ್ಕೆ ಹೋಗಿ ಒಂದಿಷ್ಟು ಸಂಪಾದಿಸಲೂ ಅವನಿಗೆ ಹೊತ್ತಿರುವುದಿಲ್ಲ. ಮಗ ಎಲ್ಲವನ್ನೂ ಕೇಳಿಸಿಕೊಂಡ. “ಸಾಲ ನನ್ನ ಹೆಸರಿನಲ್ಲೇ ಇರಲಿ, ನಾನೇ ತೀರಿಸುತ್ತೇನೆ” ಎಂದ. ಊರಿನಿಂದ ಅಜ್ಜಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ದುಡ್ಡು ಕೊಟ್ಟು ಪೆಟ್ಟು ತಿನ್ನಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಮಗಾ?”

ಅಜ್ಜಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ವಾಕ್-ಆನ್‌ಗಳ ಮುಖ್ಯ ಕೆಲಸವೇ ಅದು. ಅವರಲ್ಲಿ ಹೆಚ್ಚಿನವರು ಸ್ಕೌಟ್ ತಂಡ ಎಂಬ ಗುಂಪಿಗೆ ಸೇರುತ್ತಾರೆ. ಮುಂದಿನ ಶನಿವಾರ ಯಾವ ತಂಡದ ವಿರುದ್ಧ ಪಂದ್ಯವಿದೆಯೋ, ವಾರವಿಡೀ ಇವರು ಆ ಎದುರಾಳಿ ತಂಡದ ವೇಷ ಹಾಕಬೇಕು. ಕೋಚ್ ಒಂದು ರಟ್ಟಿನ ಹಾಳೆ ಎತ್ತಿ ತೋರಿಸುತ್ತಾರೆ. ಅದರಲ್ಲಿ ಎದುರಾಳಿಯ ಆಟಗಾರರು ಎಲ್ಲಿ ನಿಲ್ಲುತ್ತಾರೆ, ಯಾವ ಕಡೆಗೆ ಓಡುತ್ತಾರೆ ಎಂಬ ಚಿತ್ರವಿರುತ್ತದೆ. ಅದನ್ನು ನೋಡಿ ಹಾಗೆಯೇ ಆಡಬೇಕು. ಎದುರಿಗಿರುವವರು ವಿದ್ಯಾರ್ಥಿವೇತನ ಪಡೆದ ಮೊದಲ ಸಾಲಿನ ಆಟಗಾರರು. ಅವರಲ್ಲಿ 130 ಕಿಲೋಗಿಂತ ಹೆಚ್ಚು ತೂಕದವರೂ ಇರುತ್ತಾರೆ. ಅವರ ಹೊಡೆತ ಪಕ್ವವಾಗಲಿ ಎಂದು ಇವರು ಮೈ ಒಡ್ಡಬೇಕು. ನಿಧಾನವಾಗಿ ಆಡಿದರೆ, ಅಭ್ಯಾಸ ಕೆಡಿಸುತ್ತೀಯಾ ಎಂಬ ಬೈಗುಳ. ತುಂಬ ಚೆನ್ನಾಗಿ ಆಡಿ ಎದುರಿನ ತಾರೆಯನ್ನು ಮುಗ್ಗರಿಸಿದರೆ, ಅವನಿಗೆ ಪೆಟ್ಟಾದರೆ ಏನು ಗತಿ ಎಂಬ ಬೈಗುಳ. ಪ್ರತಿ ವಾರ ಅವನು ಬೇರೆ ಬೇರೆ ಆಟಗಾರನಾಗುತ್ತಿದ್ದ. ಒಂದು ವಾರ ಎಡಕ್ಕೆ ವಾಲುವವನು, ಇನ್ನೊಂದು ವಾರ ಹಿಂದೆ ಸರಿದು ಕಾಯುವವನು. “ನಾನಾಗಿ ಆಡಿದ್ದು ಯಾವಾಗ ಎಂದೇ ನೆನಪಿಲ್ಲ” ಎಂದು ಒಮ್ಮೆ ನಗುತ್ತ ಹೇಳಿದ್ದ.

ಉಳಿದುದೆಲ್ಲ ಎಲ್ಲರಿಗೂ ಸಮಾನ. ಬೆಳಗಿನ ಕತ್ತಲಲ್ಲಿ ಭಾರ ಎತ್ತುವುದು, ವಿಡಿಯೊ ನೋಡುವ ಸಭೆಗಳು, ಸಂಜೆಯ ಅಭ್ಯಾಸ, ಐಸ್ ತುಂಬಿದ ತೊಟ್ಟಿಯಲ್ಲಿ ಕಾಲು ಇಳಿಸಿ ಕೂರುವುದು. ಪಂದ್ಯಗಳ ಕಾಲದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದೆಂಬ ನಿಯಮವಿದೆ. ಆದರೆ ಪ್ರಯಾಣ, ಗಾಯದ ಆರೈಕೆ ಇತ್ಯಾದಿಗಳೆಲ್ಲ ಆ ಲೆಕ್ಕದಿಂದ ಹೊರಗೆ. ಇದರ ನಡುವೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದು. ಒಂದು ವಿಷಯದಲ್ಲಿ ಮಾತ್ರ ಅವನ ತಲೆಮಾರು ಹಿಂದಿನವರಿಗಿಂತ ಅದೃಷ್ಟಶಾಲಿ. ಮೊದಲೆಲ್ಲ ತಂಡದ ಊಟದ ಮನೆಯಲ್ಲಿ ವಿದ್ಯಾರ್ಥಿವೇತನದವರು ಉಣ್ಣುವಾಗ ವಾಕ್-ಆನ್‌ಗಳು ಹಣ ಕೊಡಬೇಕಿತ್ತು, ಇಲ್ಲವೇ ಬೇರೆಡೆ ಹೋಗಬೇಕಿತ್ತು. ಒಂದೇ ಮೈದಾನದಲ್ಲಿ ಒಟ್ಟಿಗೆ ಬೆವರಿಳಿಸಿದವರು ಊಟದ ಹೊತ್ತಿಗೆ ಬೇರೆಯಾಗುತ್ತಿದ್ದರು. 2014ರ ಏಪ್ರಿಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ತಾನು ಹಸಿದು ಮಲಗಿದ್ದುಂಟು ಎಂದು ಪತ್ರಕರ್ತರಿಗೆ ಹೇಳಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಅದೇ ತಿಂಗಳಲ್ಲಿ ಎನ್‌ಸಿಎಎ ನಿಯಮ ಬದಲಿಸಿ, ವಾಕ್-ಆನ್‌ಗಳೂ ಸೇರಿದಂತೆ ಎಲ್ಲರಿಗೂ ಊಟ ಕೊಡಬಹುದೆಂದಿತು. ಒಂದೇ ಪಂಕ್ತಿಯಲ್ಲಿ ಕೂರಿಸಲು ಅಷ್ಟು ವರ್ಷಗಳೇ ಬೇಕಾದವು.

ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಒಂದು ಬಗೆಯ ಮೌನವಿರುತ್ತಿತ್ತು. ತಂಡ ಬೇರೆ ಊರಿಗೆ ಹೋಗುವಾಗ ಎಲ್ಲರನ್ನೂ ಕರೆದೊಯ್ಯುವುದಿಲ್ಲ. ಸುಮಾರು ಎಪ್ಪತ್ತು ಮಂದಿಯಷ್ಟೇ ಹೊರಡುತ್ತಾರೆ. ಶುಕ್ರವಾರ ಸಂಜೆ ಮಗನ ಫೋನ್ ಬಂದರೆ ಪಟ್ಟಿಯಲ್ಲಿ ಹೆಸರಿಲ್ಲವೆಂದು ಅರ್ಥ. ಬಾರದಿದ್ದರೆ ಅವನು ಬಸ್ಸಿನಲ್ಲಿದ್ದಾನೆಂದು ಅರ್ಥ. ಮೂರು ವರ್ಷಗಳಲ್ಲಿ ಒಂದೇ ಒಂದು ಶುಕ್ರವಾರ ಫೋನ್ ಬರಲಿಲ್ಲ. ಮಗನ ಫೋನ್ ಬಾರದಿರಲಿ ಎಂದು ಹಾರೈಸುವ ತಂದೆತಾಯಿಗಳು ಲೋಕದಲ್ಲಿ ಹೆಚ್ಚಿರಲಾರರು.

ಅಮೆರಿಕನ್ನರಿಗೆ ವಾಕ್-ಆನ್‌ಗಳ ಕಥೆಯೆಂದರೆ ಬಲು ಇಷ್ಟ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಕಾಲೇಜಿನ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡಾಗ, ಪ್ರೇಕ್ಷಕರ ನಡುವೆ ಇದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೋಚ್ ಕರೆದರು. ಆತ ಆಟದ ಉಡುಪು ತೊಟ್ಟು ಪಂದ್ಯ ಮುಗಿಯುವವರೆಗೆ ಅಂಚಿನಲ್ಲಿ ಸಿದ್ಧನಾಗಿ ನಿಂತ. ಅವನನ್ನು ಆಡಿಸುವ ಅಗತ್ಯ ಬೀಳಲಿಲ್ಲ. ಆದರೂ ಹನ್ನೆರಡನೆಯ ಆಟಗಾರನೆಂದು ಆ ಕಾಲೇಜು ಅವನನ್ನು ಮರೆತಿಲ್ಲ. 1983ರಲ್ಲಿ ಅಲ್ಲಿನ ಕೋಚ್ ಜಾಕಿ ಶೆರಿಲ್, ಪಂದ್ಯದ ಆರಂಭದ ಒದೆತಕ್ಕೆ ವಾಕ್-ಆನ್‌ಗಳದ್ದೇ ಒಂದು ಪಡೆ ಕಟ್ಟಿದರು. 1975ರಲ್ಲಿ ನೋಟರ್ ಡೇಮ್‌ನ ರೂಡಿ ರುಟಿಗರ್ ಕೊನೆಯ ಕ್ಷಣಗಳಲ್ಲಿ ಮೈದಾನಕ್ಕಿಳಿದು ಎದುರಾಳಿಯನ್ನು ಕೆಡವಿದಾಗ ಸಂಗಡಿಗರು ಅವನನ್ನು ಹೆಗಲ ಮೇಲೆ ಹೊತ್ತರು. 1993ರಲ್ಲಿ ಅದು ಸಿನಿಮಾ ಆಯಿತು. 2017ರ ಜನವರಿಯಲ್ಲಿ ಕ್ಲೆಮ್ಸನ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದ ಚೆಂಡನ್ನು, ಆಟ ಮುಗಿಯಲು ಒಂದೇ ಸೆಕೆಂಡ್ ಇರುವಾಗ ಹಿಡಿದ ಹಂಟರ್ ರೆನ್‌ಫ್ರೊ ವಾಕ್-ಆನ್ ಆಗಿ ಸೇರಿದವನೇ. ಅದೇ ವರ್ಷದ ಕೊನೆಗೆ ಕಾಲೇಜು ಫುಟ್ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಪಡೆದ ಬೇಕರ್ ಮೇಫೀಲ್ಡ್ ಎರಡೆರಡು ವಿಶ್ವವಿದ್ಯಾಲಯಗಳಲ್ಲಿ ವಾಕ್-ಆನ್ ಆಗಿದ್ದವನು.

ಆ ಮೇಫೀಲ್ಡ್‌ನ ತಂಡದ ವಿರುದ್ಧ ಜಾರ್ಜಿಯಾ ತಂಡ 2018ರ ಹೊಸವರ್ಷದ ದಿನ ಆಡಬೇಕಿತ್ತು. ಅಭ್ಯಾಸದಲ್ಲಿ ಮೇಫೀಲ್ಡ್‌ನ ಪಾತ್ರ ವಹಿಸಿದವನು ಸ್ಟೆಟ್ಸನ್ ಬೆನೆಟ್ ಎಂಬ ವಾಕ್-ಆನ್. ಜಾರ್ಜಿಯಾ ಗೆದ್ದಿತು. ಆ ಬೆನೆಟ್ ನಂತರ ಬೇರೆ ಸಣ್ಣ ಕಾಲೇಜಿಗೆ ಹೋಗಿ, ಮರಳಿ ಬಂದು, 2021 ಮತ್ತು 2022ರ ಋತುಗಳಲ್ಲಿ ಜಾರ್ಜಿಯಾವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ.

ಈ ಕಥೆಗಳೆಲ್ಲ ನಿಜ, ಕೇಳಲು ಹಿತವೂ ಹೌದು. ಆದರೆ ಇವುಗಳಲ್ಲಿ ಹೆಚ್ಚಿನವು ಮುಗಿಯುವುದು ಒಂದು ಪ್ರಶಸ್ತಿಯಲ್ಲಿ, ಒಂದು ವಿದ್ಯಾರ್ಥಿವೇತನದಲ್ಲಿ ಅಥವಾ ಹೆಗಲ ಮೇಲಿನ ಮೆರವಣಿಗೆಯಲ್ಲಿ. ತಂಡದ ಸಭೆಯ ನಡುವೆ ಕೋಚ್ ಹಠಾತ್ತನೆ ಒಬ್ಬ ವಾಕ್-ಆನ್ ಹೆಸರು ಕರೆದು ವಿದ್ಯಾರ್ಥಿವೇತನ ಘೋಷಿಸುವುದು, ಹುಡುಗ ಅಳುವುದು, ಎಲ್ಲರೂ ಎದ್ದು ಅವನನ್ನು ಅಪ್ಪಿಕೊಳ್ಳುವುದು ಪ್ರತಿ ಆಗಸ್ಟ್‌ನಲ್ಲಿ ವಿಡಿಯೊಗಳಾಗಿ ಹರಿದಾಡುತ್ತದೆ. ನಾವೂ ಅವನ್ನು ನೋಡಿ ಕಣ್ಣೊರೆಸಿಕೊಂಡವರೇ. ಆದರೆ ಅದೇ ಕೋಣೆಯಲ್ಲಿ, ಅದೇ ಚಿತ್ರದ ಮೂಲೆಯಲ್ಲಿ, ಚಪ್ಪಾಳೆ ತಟ್ಟುತ್ತ ನಿಂತ ಉಳಿದ ವಾಕ್-ಆನ್‌ಗಳನ್ನು ಯಾರಾದರೂ ಗಮನಿಸುತ್ತಾರೆಯೇ? ಅಂತಹ ಒಂದು ವಿಡಿಯೊದಲ್ಲಿ ನಮ್ಮ ಮಗನಿದ್ದಾನೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಾನೆ.

ಊರಿನ ಯಕ್ಷಗಾನ ಮೇಳಗಳಲ್ಲಿ ಹೊಸಬರು ಕೋಡಂಗಿ, ಬಾಲಗೋಪಾಲರ ವೇಷದಿಂದ ಆರಂಭಿಸುತ್ತಿದ್ದರು. ಪ್ರಸಂಗ ಶುರುವಾಗುವ ಮೊದಲು, ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗಲೇ ಅವರ ಕುಣಿತ ಮುಗಿದಿರುತ್ತಿತ್ತು. ಆದರೂ ಅವರಿಗೆ ಮೇಳದ ಊಟ, ಮೇಳದ ಬಿಡಾರವಿತ್ತು. ನಾಳೆ ದೊಡ್ಡ ವೇಷ ಸಿಕ್ಕೀತೆಂಬ ಏಣಿಯೂ ಇತ್ತು. ವಾಕ್-ಆನ್‌ಗೆ ಆ ಏಣಿ ಇದೆಯೆಂದು ಹೇಳುತ್ತಾರೆ. ಆದರೆ ಏಣಿಯ ಪ್ರತಿ ಮೆಟ್ಟಿಲ ಮೇಲೂ ವಿದ್ಯಾರ್ಥಿವೇತನ ಪಡೆದ ಒಬ್ಬ ಮೊದಲೇ ನಿಂತಿರುತ್ತಾನೆ.

ನಮ್ಮ ಮಗನಿಗೆ ಅಂಗಿಯ ಸಂಖ್ಯೆಯೂ ಸ್ವಂತದ್ದಾಗಿರಲಿಲ್ಲ. ಆಟಗಾರರ ಸಂಖ್ಯೆ 99ನ್ನು ಮೀರುವಂತಿಲ್ಲ; ತಂಡದಲ್ಲಿ ಅದಕ್ಕಿಂತ ಹೆಚ್ಚು ಮಂದಿ. ಹಾಗಾಗಿ ಇಬ್ಬರಿಗೆ ಒಂದೇ ಸಂಖ್ಯೆ ಕೊಡುತ್ತಾರೆ, ಇಬ್ಬರೂ ಒಟ್ಟಿಗೆ ಮೈದಾನದಲ್ಲಿರಬಾರದು ಅಷ್ಟೆ. ಅವನ ಸಂಖ್ಯೆ ತಂಡದ ಒಬ್ಬ ತಾರೆಯದ್ದೂ ಆಗಿತ್ತು. ಕ್ರೀಡಾಂಗಣಕ್ಕೆ ಹೋದರೆ ಎತ್ತ ನೋಡಿದರತ್ತ ಮಗನ ಸಂಖ್ಯೆಯ ಅಂಗಿ ತೊಟ್ಟ ಜನ. ಆದರೆ ಅವರು ತೊಟ್ಟದ್ದು ಇನ್ನೊಬ್ಬನ ಅಂಗಿ. ನಾವೂ ಅಂಗಡಿಯಲ್ಲಿ ಎರಡು ಕೊಂಡೆವು. ನಮ್ಮ ಪಕ್ಕದ ಆಸನದ ಹಿರಿಯರೊಬ್ಬರು ನಮ್ಮ ಬೆನ್ನು ತಟ್ಟಿ, “ಒಳ್ಳೆಯ ಆಟಗಾರ, ಅಲ್ಲವೇ?” ಎಂದರು. ಹೌದೆಂದೆವು. ಇಬ್ಬರೂ ಬೇರೆ ಬೇರೆ ಹುಡುಗರ ಬಗ್ಗೆ ಮಾತಾಡಿದ್ದೆವು. ಇಬ್ಬರ ಮಾತೂ ನಿಜವಾಗಿತ್ತು.

ಪಂದ್ಯದಲ್ಲಿ ಮಗ ಮೈದಾನಕ್ಕಿಳಿದದ್ದು ಒಟ್ಟು ನಾಲ್ಕು ಸಲ. ನಾಲ್ಕೂ ಸಲ ನಮ್ಮವರು ಬಹಳ ಮುಂದಿದ್ದು, ಜನ ಕಾರು ತೆಗೆಯಲು ಎದ್ದು ಹೊರಟಿದ್ದ ಹೊತ್ತು.

ಈಗ ಹಣದ ವಿಚಾರಕ್ಕೆ ಬರೋಣ. ಕಾಲೇಜು ಕ್ರೀಡೆ ಹವ್ಯಾಸಿಗಳದ್ದು, ಆದ್ದರಿಂದ ಆಟಗಾರರಿಗೆ ಸಂಬಳ ಕೊಡುವಂತಿಲ್ಲ ಎಂದು ಎನ್‌ಸಿಎಎ ದಶಕಗಳ ಕಾಲ ವಾದಿಸುತ್ತ ಬಂತು. ಟಿವಿ ಕಂಪನಿಗಳಿಂದ ನೂರಾರು ಕೋಟಿ ಡಾಲರ್ ಬರುತ್ತಿತ್ತು, ಕೋಚ್‌ಗಳ ಸಂಬಳ ಏರುತ್ತಲೇ ಇತ್ತು. ಆಟಗಾರರಿಗೆ ಮಾತ್ರ ಹವ್ಯಾಸದ ಪಾಠ! ಇದು ಅನ್ಯಾಯವೆಂದು ಆಟಗಾರರು ನ್ಯಾಯಾಲಯಕ್ಕೆ ಹೋದರು. 2021ರ ಜೂನ್ 21ರಂದು ಸುಪ್ರೀಂ ಕೋರ್ಟಿನ ಎಲ್ಲ 9 ನ್ಯಾಯಮೂರ್ತಿಗಳೂ ಒಂದು ಪ್ರಕರಣದಲ್ಲಿ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಅವಕಾಶವಾಯಿತು. ಆ ಆಗಸ್ಟ್‌ನಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ 36 ವಾಕ್-ಆನ್‌ಗಳ ಶುಲ್ಕಕ್ಕಾಗುವಷ್ಟು ಹಣವನ್ನು ಒಂದು ತಿಂಡಿ ಕಂಪನಿ ಕೊಡಮಾಡಿದಾಗ ಇಂತಹ ಹುಡುಗರಿಗೂ ಒಳ್ಳೆಯ ಕಾಲ ಬಂತೆಂದು ಎಲ್ಲರೂ ಅಂದುಕೊಂಡರು.

ಮುಂದಿನದು ದೊಡ್ಡ ಬದಲಾವಣೆ. ಹೌಸ್ ಪ್ರಕರಣ ಎಂದು ಹೆಸರಾದ ಮೊಕದ್ದಮೆಯಲ್ಲಿ ಎನ್‌ಸಿಎಎ ರಾಜಿಗೆ ಬಂತು. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ಒಂದೊಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ವಿದ್ಯಾರ್ಥಿವೇತನದ ಮೇಲಿನ 85ರ ಮಿತಿ ರದ್ದು. ಅದರ ಬದಲಿಗೆ ತಂಡದ ಗಾತ್ರಕ್ಕೇ ಮಿತಿ: ಫುಟ್ಬಾಲಿಗೆ 105. ಕೇಳಲು ಉದಾರವಾಗಿದೆ, 85ರಿಂದ 105! ಆದರೆ ಮೊದಲಿನ 85 ಹಣ ಪಡೆಯುವವರ ಲೆಕ್ಕ. ಅದರಾಚೆಗೆ ಎಷ್ಟು ಮಂದಿಯನ್ನಾದರೂ ಸೇರಿಸಿಕೊಳ್ಳಬಹುದಿತ್ತು. ಹೊಸ 105 ಒಳಗಿರುವ ಎಲ್ಲರ ಲೆಕ್ಕ. 120, 130 ಹುಡುಗರಿದ್ದ ತಂಡಗಳು ಉಳಿದವರನ್ನು ಕಳಿಸಬೇಕಾಯಿತು.

2025ರ ವಸಂತದಲ್ಲಿ ನಮ್ಮ ಮಗನನ್ನು ಕರೆದು ಮಾತಾಡಿದರು. ಐದು ನಿಮಿಷವೂ ಆಗಿರಲಿಲ್ಲವಂತೆ. ಪಟ್ಟಿಯಲ್ಲಿ ಜಾಗವಿಲ್ಲ, ನೀನು ಒಳ್ಳೆಯ ಹುಡುಗ, ಕಪಾಟು ಖಾಲಿ ಮಾಡು. ಅಷ್ಟೇ.

ಆ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಇದ್ದ ಹುಡುಗರು ಹೀಗೆ ಜಾಗ ಕಳೆದುಕೊಳ್ಳುವುದಾದರೆ ಒಪ್ಪಂದಕ್ಕೆ ತಾನು ಒಪ್ಪಿಗೆ ಕೊಡಲಾರೆ ಎಂದರು. ನಾವು ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದೆವು. ಒಪ್ಪಂದ ತಿದ್ದುಪಡಿಯಾಯಿತು. ಹೊರಹಾಕಲ್ಪಟ್ಟವರನ್ನು 105ರ ಲೆಕ್ಕಕ್ಕೆ ಹಿಡಿಯದೆ ಮರಳಿ ಸೇರಿಸಿಕೊಳ್ಳಬಹುದೆಂದಾಯಿತು. ಜೂನ್ 6ರಂದು ಅಂತಿಮ ಒಪ್ಪಿಗೆಯೂ ಬಿತ್ತು. ಆದರೆ ‘ಸೇರಿಸಿಕೊಳ್ಳಬಹುದು’ ಎಂದಿತ್ತೇ ಹೊರತು ‘ಸೇರಿಸಿಕೊಳ್ಳಬೇಕು’ ಎಂದಿರಲಿಲ್ಲ. ನಮ್ಮ ಮಗನ ಫೋನ್ ರಿಂಗಣಿಸಲಿಲ್ಲ. ಬೇರೆ ಒಂದು ಚಿಕ್ಕ ವಿಶ್ವವಿದ್ಯಾಲಯ ಅವನನ್ನು ಕರೆಯಿತು. ಒಂದೇ ವರ್ಷದ ಓದು ಬಾಕಿಯಿರುವಾಗ ಊರು ಬದಲಿಸಿದರೆ ಪದವಿ ತಡವಾಗುತ್ತದೆ, ಸಾಲ ಬೆಳೆಯುತ್ತದೆ ಎಂದು ಅವನೇ ಬೇಡವೆಂದ.

ಆಟಗಾರರಿಗೆ ಹಣ ಸಿಕ್ಕಿದ್ದನ್ನು ನಾವು ವಿರೋಧಿಸುವುದಿಲ್ಲ. ಅದು ಅವರ ಬೆವರಿನ ಪಾಲು, ತಡವಾಗಿಯಾದರೂ ಸಿಕ್ಕಿತು. ಆ ಹುಡುಗರಲ್ಲಿ ಎಷ್ಟೋ ಮಂದಿ ಬಡ ಮನೆಗಳಿಂದ ಬಂದವರೆಂಬುದೂ ನಮಗೆ ಗೊತ್ತು. ನಮ್ಮನ್ನು ಕಾಡುವುದು ಬೇರೆ ಮಾತು. ಹಣಕ್ಕಾಗಿ ಅಲ್ಲ, ಆಟದ ಪ್ರೀತಿಗಾಗಿ ಆಡುವ ಹವ್ಯಾಸಿ ಎಂದು ಎನ್‌ಸಿಎಎ ಅಷ್ಟು ವರ್ಷ ಯಾರನ್ನು ಹೊಗಳಿತೋ, ಆ ವರ್ಣನೆಗೆ ನಿಜವಾಗಿ ಹೊಂದುತ್ತಿದ್ದವನು ಇಡೀ ಕ್ರೀಡಾಂಗಣದಲ್ಲಿ ಒಬ್ಬನೇ. ಅವನೇ ವಾಕ್-ಆನ್. ಅವನ ಹೆಸರು ಹೇಳಿ ಉಳಿದವರ ಹಣವನ್ನು ತಡೆಹಿಡಿದರು. ಹಣ ಹಂಚುವ ಕಾಲ ಬಂದಾಗ ಮೊದಲು ಹೊರಗೆ ಕಳಿಸಿದ್ದೂ ಅವನನ್ನೇ. ಒಬ್ಬರಿಗೆ ನ್ಯಾಯ ಕೊಡುವಾಗ ಅದರ ಬೆಲೆಯನ್ನು ಪಂಕ್ತಿಯ ಕೊನೆಯಲ್ಲಿ ಕುಳಿತವನಿಂದ ಏಕೆ ವಸೂಲು ಮಾಡಬೇಕು? ಅವನು ಕೇಳಿದ್ದು ಹಣವನ್ನಲ್ಲ, ನಿಲ್ಲಲು ಒಂದಿಷ್ಟು ಜಾಗವನ್ನು.

ಈ ವಿಷಯದಲ್ಲಿ ನಮಗಿರುವಷ್ಟು ಸಿಟ್ಟು ಮಗನಿಗಿಲ್ಲ. ಮೂರು ವರ್ಷದ ಶ್ರಮಕ್ಕೆ ಸಿಕ್ಕಿದ್ದು ನಾಲ್ಕು ಸಲದ ಆಟವಷ್ಟೇ ಅಲ್ಲವೇ ಎಂದು ನಾವು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಮ್ಮಾ, ನೀವು ಶನಿವಾರದ್ದು ಲೆಕ್ಕ ಹಾಕುತ್ತೀರಿ. ನಾನು ಮಂಗಳವಾರ, ಬುಧವಾರ ಆಡಿದ್ದೆನಲ್ಲ” ಎಂದ. ಅವನು ಎದುರಾಳಿಯ ವೇಷದಲ್ಲಿ ಬೆನ್ನಟ್ಟಿದ್ದ ಹುಡುಗರು ಶನಿವಾರ ಚೆಂಡು ಹಿಡಿದಾಗ, ಆ ಓಟದ ತಿರುವು ಎಲ್ಲಿ ಕಲಿತದ್ದೆಂದು ಇವನಿಗೆ ಗೊತ್ತಿರುತ್ತಿತ್ತು. ಆ ಹುಡುಗರಿಗೂ ಗೊತ್ತಿರುತ್ತಿತ್ತು. ಅಷ್ಟು ಸಾಕೆಂದು ಅವನ ವಾದ. ಸಾಲದೆಂದು ನಮ್ಮ ವಾದ. ಈ ವಿಷಯದಲ್ಲಿ ತಂದೆತಾಯಿ, ಮಗ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಅವನ ಎಡಭುಜ ಚಳಿಗೆ ನೋಯುತ್ತದೆ. ಸಾಲದ ಕಂತುಗಳು ಅವನ ಹೆಸರಿನಲ್ಲೇ ಇವೆ. 2025ರ ಸೆಪ್ಟೆಂಬರಿನಲ್ಲಿ ಋತುವಿನ ಮೊದಲ ಪಂದ್ಯದ ದಿನ ಅವನು ಗ್ರಂಥಾಲಯದಲ್ಲಿ ಕುಳಿತು ಓದಿದ. ಜನರ ಕೂಗು ಅಲ್ಲಿಯವರೆಗೂ ಕೇಳಿಸುತ್ತಿತ್ತಂತೆ. ಯಾವ ಕೂಗು ಅಂಕ ಬಂದದ್ದಕ್ಕೆ, ಯಾವುದು ತಡೆದದ್ದಕ್ಕೆ ಎಂದು ಪುಸ್ತಕದಿಂದ ತಲೆಯೆತ್ತದೆಯೇ ಅವನಿಗೆ ತಿಳಿಯುತ್ತಿತ್ತು.

ವಾಕ್-ಆನ್‌ಗಳು ಸಂಪೂರ್ಣ ಇಲ್ಲವಾಗಿಲ್ಲ. 105 ಮಂದಿಗೂ ವಿದ್ಯಾರ್ಥಿವೇತನ ಕೊಡುವ ಶಕ್ತಿ ಎಲ್ಲ ವಿಶ್ವವಿದ್ಯಾಲಯಗಳಿಗಿಲ್ಲ. ಹಾಗಾಗಿ ಒಳಗೆ ಒಂದಿಷ್ಟು ಜಾಗ ಉಳಿದೇ ಉಳಿಯುತ್ತದೆ. ಆದರೆ ಆ ಜಾಗಕ್ಕೆ ಕಾಯುವ ಹುಡುಗರ ಸಾಲು ಉದ್ದವಾಗಿದೆ. ಬೆಳೆಯಲು ಒಂದೆರಡು ವರ್ಷ ಹೆಚ್ಚು ಬೇಕಾದವನು, ಎತ್ತರದಲ್ಲಿ ಎರಡಂಗುಲ ಕಡಿಮೆಯಾದವನು, ಯಾರ ಕಣ್ಣಿಗೂ ಬೀಳದ ಊರಿನಿಂದ ಬಂದವನು, ದುಡ್ಡು ಕೊಟ್ಟಾದರೂ ಪೆಟ್ಟು ತಿನ್ನಲು ತಯಾರಾಗಿ ಬಾಗಿಲಲ್ಲಿ ನಿಲ್ಲುತ್ತಲೇ ಇರುತ್ತಾನೆ. ಅವನು 106ನೆಯವನು. ಒಳಗೆ ಬಿಟ್ಟರೆ ತಂಡಕ್ಕಾಗುವ ಖರ್ಚು ಒಂದು ಹೆಲ್ಮೆಟ್, ಒಂದು ತಟ್ಟೆ ಊಟ, ಇನ್ನೊಬ್ಬನೊಂದಿಗೆ ಹಂಚಿಕೊಳ್ಳುವ ಒಂದು ಸಂಖ್ಯೆ.